ಉದುರಿದ ತೊಗರಿಯ ಮೂಕಚಿತ್ರ

ಜನವರಿ 5, 2025, ರವಿವಾರ
ಬಸವಕಲ್ಯಾಣ

“ನೆರೆದ ಸಭೆಗೆ ಶರಣು. ತಮ್ಮ ಫೋಟೊ ಅಂಗಡಿಯ ಮಾಳಿಗೆಯನ್ನು ನಮ್ಮ ಕೂಟಕ್ಕೆ ಬಿಟ್ಟುಕೊಟ್ಟ ಯುನೂಸ್ ಸಾಹೇಬರಿಗೆ, ಮೊಣಕಾಲಿನ ನೋವನ್ನು ಲೆಕ್ಕಿಸದೆ ಹತ್ತೊಂಬತ್ತು ಮೆಟ್ಟಿಲು ಹತ್ತಿ ಬಂದ ಹಿರಿಯರೆಲ್ಲರಿಗೆ ನನ್ನ ಕೃತಜ್ಞತೆ. ನಿಮ್ಮ ನೆರಳಿನಲ್ಲಿ ಈ ಊರಿನ ಎಳೆಯರು ಇಂದಿನಿಂದ ಕಣ್ಣು ತೆರೆದು ನೋಡುವುದನ್ನು ಕಲಿಯಲಿದ್ದಾರೆ.”

ಮೂಕಚಿತ್ರ ಕೂಟದ ಉದ್ಘಾಟನೆಯನ್ನು ಹೀಗೆ ಆರಂಭಿಸಿದೆ. ಭಾಷಣ ಇನ್ನೂ ಮೂರು ಪುಟವಿತ್ತು. ಅಷ್ಟರಲ್ಲಿ ಮಂಡಕ್ಕಿಯ ಸುಸಲಾ ಬಂದಿತು. ಒಗ್ಗರಣೆಯ ವಾಸನೆಯ ಮುಂದೆ ಕಲೆಯ ಗತಿ ಏನೆಂಬುದನ್ನು ಮೂವತ್ತೊಂದು ಸಭಿಕರು ಏಳೇ ನಿಮಿಷಗಳಲ್ಲಿ ಸಾಬೀತುಮಾಡಿ ತೋರಿಸಿದರು. ಮುಖ್ಯ ಅತಿಥಿಗಳು ದುರಾಸೆಯ ಕೇಡನ್ನು ಕುರಿತು ಅರ್ಧ ಗಂಟೆ ಮಾತನಾಡಿ, ತಮಗೆ ಹೊದಿಸಿದ ಶಾಲಿನ ಜೊತೆಗೆ ಬಾರದಿದ್ದ ಇನ್ನೊಬ್ಬ ಅತಿಥಿಯ ಶಾಲನ್ನೂ ಮಡಚಿಕೊಂಡು ಹೋದರು.

ತಟ್ಟೆಗಳು ಖಾಲಿಯಾದ ಮೇಲೆ ಉಳಿದವರು ಮೂವರು. ಮೂವತ್ತನಾಲ್ಕು ವರ್ಷ ಇತಿಹಾಸ ಬೋಧಿಸಿ ನಿವೃತ್ತನಾದವನಿಗೆ ಮೂವರು ಸಾಕು. ಯುನೂಸರ ಮಗಳು ಮಿಸ್ಬಾ; ಹುಮನಾಬಾದಿನ ಕಾಳಿನ ವ್ಯಾಪಾರಿ ಗುಂಡಪ್ಪ ಸೇಠರ ಮಗ ಸಂಜೀವಕುಮಾರ; ಅದೇ ಹುಮನಾಬಾದಿನಿಂದ ದಿನವೂ ಬಸ್ಸಿನಲ್ಲಿ ಕಾಲೇಜಿಗೆ ಬರುವ ಸಂಘರತ್ನ. ಈ ಮಕ್ಕಳ ಮೇಲಿರುವ ಭರವಸೆಯ ಕಾಲುಭಾಗವನ್ನೂ ನಾನು ಈ ಪ್ರಾಂತದ ದೊಡ್ಡವರ ಮೇಲೆ ಇಡಲಾರೆ.

ಅವರಿಗೆ ಹನ್ನೊಂದು ನಿಮಿಷದ ಒಂದು ಚಿತ್ರ ತೋರಿಸಿದೆ. ನೂರು ವರ್ಷ ದಾಟಿದ್ದು. ಹೆಸರಿನ ಭಾಗ ಕಳೆದುಹೋಗಿದೆ. ಕಲ್ಲಿದ್ದಲ ಗಾಡಿಯಿಂದ ಉದುರುವ ಚೂರುಗಳನ್ನು ಬಡವರು ಆರಿಸಿಕೊಳ್ಳುತ್ತಾರೆ. ವ್ಯಾಪಾರಿ ಕಿಟಕಿಯಿಂದ ಕಂಡು, ಗಾಡಿಯ ಅಡಿಗೆ ಗೋಣಿತಟ್ಟು ಕಟ್ಟಿಸುತ್ತಾನೆ. ಒಂದೇ ಒಂದು ಮಾತಿಲ್ಲ. ಮಕ್ಕಳಿಗೆ ಅರ್ಥವಾಗಲೆಂದು ಪ್ರತಿ ದೃಶ್ಯಕ್ಕೂ ನಾನೇ ವಿವರಣೆ ಕೊಡುತ್ತ ಹೋದೆ.

“ಮೂಕಚಿತ್ರಕ್ಕ ಬಾಯಿ ಬಂತ್ರಿ ಸರ್,” ಎಂದಳು ಮಿಸ್ಬಾ. ಆ ಹುಡುಗಿಯ ನಾಲಿಗೆಗೆ ಸ್ವಲ್ಪ ಹದ ಬೇಕು.

ಸಂಘರತ್ನ ಮಾತ್ರ ಖಾಲಿ ಪರದೆಯ ಕಡೆಗೆ ಬೆರಳು ಮಾಡಿ ಹೇಳಿದ: “ಸರ್, ಇದು ನಮ್ಮ ಕಾಳಿನ ಮಾರ್ಕೆಟ್ನಾಗ ಈಗೂ ಆಗ್ತದ್ರಿ. ಚೀಲ ಇಳಿಸುವಾಗ ತೊಗರಿ ಚೆಲ್ತದಲ್ರಿ, ಗುಡಿಸಿದವ್ರಿಗಿ ಅದೇ ಕೂಲಿ. ನಮ್ಮವ್ವ ಇಪ್ಪತ್ತೆರಡು ವರ್ಷ ಆತು ಗುಡಿಸಾಕತ್ತು. ಈ ಸಲ ಸೇಠರು ನೆಲಕ್ಕ ಪ್ಲಾಸ್ಟಿಕ್ ತಾಡಪತ್ರಿ ಹಾಸ್ಯಾರ. ಚೆಲ್ಲಿದ್ದೂ ವಾಪಸ್ ಅವ್ರ ಚೀಲಕ್ಕೇ ಹೋಗ್ತದ.”

ಸಂಜೀವಕುಮಾರ ಬೂಟಿನ ಲೇಸು ಕಟ್ಟಲು ಬಗ್ಗಿದ. ಅದು ಮೊದಲೇ ಕಟ್ಟಿತ್ತು.

ನಮ್ಮ ಚಿತ್ರ ಸಿಕ್ಕಿತು.

ಜನವರಿ 12, ರವಿವಾರ

ಎಂಟು ನಿಮಿಷದ ಮೂಕಚಿತ್ರ. ಒಬ್ಬ ಸೇಠ, ಒಬ್ಬ ಹಮಾಲ, ಒಬ್ಬ ಗುಡಿಸುವಾಕೆ, ಒಂದು ತಾಡಪತ್ರಿ. ದೃಶ್ಯಗಳ ನಡುವೆ ಕಥೆಯನ್ನು ಬಿಡಿಸಿ ಹೇಳುವ ಹದಿನಾಲ್ಕು ಅಕ್ಷರಫಲಕಗಳನ್ನು ವಾರವೆಲ್ಲ ಕೂತು ಬರೆದಿದ್ದೆ. ಮಿಸ್ಬಾ ಗಡಿಯಾರ ಹಿಡಿದು ಓದಿ, ಫಲಕಗಳಿಗೇ ಐದು ನಿಮಿಷ ಬೇಕೆಂದು ತೀರ್ಪು ಕೊಟ್ಟಳು. ಓದುವ ಅಭ್ಯಾಸ ತಪ್ಪಿದ ತಲೆಮಾರಿಗೆ ಐದು ನಿಮಿಷದ ಕನ್ನಡವೂ ಭಾರ.

ಪಾತ್ರ ಹಂಚುವುದರಲ್ಲಿ ಯಾವ ಕಷ್ಟವೂ ಬರಲಿಲ್ಲ. ಸೇಠನಾಗಿ ಸಂಜೀವಕುಮಾರ, ಹಮಾಲನಾಗಿ ಸಂಘರತ್ನ, ಗುಡಿಸುವಾಕೆಯಾಗಿ ಅವನ ತಾಯಿ ಲಲಿತಾಬಾಯಿ. ಯಾರೂ ನಟಿಸಬೇಕಾಗಿಲ್ಲ, ಬದುಕೇ ಪಾತ್ರಗಳನ್ನು ಹಂಚಿಟ್ಟಿದೆ ಎಂದೆ.

“ಬದುಕು ಹಂಚಿದ್ಹಾಂಗೇ ಸಿನೆಮಾನೂ ಹಂಚಬೇಕೇನ್ರಿ?” ಎಂದಳು ಮಿಸ್ಬಾ.

ಸಂಘರತ್ನ ಕ್ಯಾಮೆರಾ ಕೇಳಿದ. ಪುಣೆಯ ಒಂದು ಚಿತ್ರ ವಿದ್ಯಾಲಯಕ್ಕೆ ಅರ್ಜಿ ಹಾಕಬೇಕಂತೆ. ಫೆಬ್ರವರಿ ಇಪ್ಪತ್ತೆಂಟರೊಳಗೆ ತಾನೇ ನಿರ್ದೇಶಿಸಿದ ಒಂದು ಕಿರುಚಿತ್ರ ಕಳಿಸದಿದ್ದರೆ ವರ್ಷ ಹೋಯಿತಂತೆ. ನಿನ್ನ ಮುಖ ಕ್ಯಾಮೆರಾದ ಮುಂದೆ ಬೇಕು, ಹಿಂದೆ ಅಲ್ಲ ಎಂದು ಸಮಾಧಾನ ಹೇಳಿದೆ. ಅವನು ತಂದ ಅರ್ಜಿಯ ನಮೂನೆಯಲ್ಲಿ ನಿರ್ದೇಶಕನ ಜಾಗದಲ್ಲಿ ಸದ್ಯಕ್ಕೆ ನನ್ನ ಹೆಸರಿದೆ. ಹಿರಿಯರ ಹೆಸರಿದ್ದರೆ ನಾಲ್ಕು ಜನ ನಂಬುತ್ತಾರೆ. ಅರ್ಜಿಗೊಂದು ಶಿಫಾರಸು ಪತ್ರ ಬರೆದುಕೊಡುವೆನೆಂದೂ ಹೇಳಿದ್ದೇನೆ. ಅವನು “ಆಯ್ತ್ರಿ ಸರ್” ಎಂದ.

ಜನವರಿ 18, ಶನಿವಾರ
ಹುಮನಾಬಾದ

ಗುಂಡಪ್ಪ ಸೇಠರ ಅಂಗಡಿಯ ಮುಂದೆ ಚಿತ್ರೀಕರಿಸಲು ಅನುಮತಿ ಕೇಳಲು ಹೋಗಿದ್ದೆ. ಗಾದಿಯ ಮೇಲೆ ಕುಳಿತ ಆ ಮನುಷ್ಯ ನನಗೆ ಅರ್ಧ ಕಪ್ ಚಹಾ ತರಿಸಿ, ಆ ಅರ್ಧದಲ್ಲೂ ಸ್ವಲ್ಪವನ್ನು ತಮ್ಮ ಸಾಸರಿಗೆ ಬಗ್ಗಿಸಿಕೊಂಡರು. ದುರಾಸೆಗೆ ಬೇರೆ ಉಪಮಾನ ಹುಡುಕುವ ಕೆಲಸ ನನಗೆ ಉಳಿಯಲಿಲ್ಲ.

“ತೊಗರಿ ಮ್ಯಾಲ ಸಿನೆಮಾ ಏನ್ರಿ? ಮಾಡ್ರಿ, ಮಾಡ್ರಿ. ನಮ್ಮ ಬೋರ್ಡ್ ಕಾಣಬೇಕು ನೋಡ್ರಿ ಮತ್ತ. ಫೋನ್ ನಂಬರ್ ಸಹಿತ.”

“ಇದು ಜಾಹೀರಾತಲ್ಲ, ಸೇಠರೆ. ಸಮಾಜದ ಅಸಮಾನತೆಯನ್ನು ಕುರಿತ ಕಲಾಕೃತಿ.”

“ಆಗ್ಲಿ ಬಿಡ್ರಿ. ಅಸಮಾನತೆ ಹಿಂದ ಬೋರ್ಡ್ ಇದ್ರ ನಿಮಗೇನ್ ತ್ರಾಸ?”

ಬೋರ್ಡು ಕಾಣುವಂತೆ ಚಿತ್ರಿಸುವೆನೆಂದು ಒಪ್ಪಿದೆ. ದೊಡ್ಡ ಕೆಲಸಕ್ಕೆ ಸಣ್ಣ ಹೊಂದಾಣಿಕೆ. ತಾಡಪತ್ರಿಯನ್ನು ಕಣ್ಣಾರೆ ಕಂಡೆ: ನೀಲಿ, ಹೊಸದು, ಅಂಗಡಿಯ ಕಟ್ಟೆಯಿಂದ ಲಾರಿಯ ಗಾಲಿಯವರೆಗೆ ಒಂದು ಅಂಗುಲ ನೆಲ ಬಿಡದೆ ಹಾಸಿತ್ತು.

ಜನವರಿ 26, ರವಿವಾರ

ಇಂದಿನಷ್ಟು ವ್ಯರ್ಥವಾದ ದಿನವನ್ನು ನಿವೃತ್ತಿಯ ನಂತರ ಕಂಡಿಲ್ಲ.

ಮಾರುಕಟ್ಟೆಗೆ ರಜೆ. ಬೆಳಗಿನ ಬಿಸಿಲು ಸೊಗಸಾಗಿತ್ತು. ಎಂಟು ಗಂಟೆಗೆ ಲಲಿತಾಬಾಯಿ ಬಂದರು. ಗಿಳಿಹಸಿರು ಸೀರೆ, ಜರಿಯ ಅಂಚು, ಎಣ್ಣೆ ಹಚ್ಚಿ ಬಾಚಿದ ತಲೆ, ಮುಂಗೈ ತುಂಬ ಹೊಸ ಬಳೆ. ನೆರೆಮನೆಯವರಿಂದ ಕೇಳಿ ತಂದ ಸರ ಬೇರೆ.

“ಹ್ಯಾಂಗ ಕಾಣಾಕತ್ತೀನ್ರಿ ಮಾಸ್ತರ್ರೇ?”

ನಾನು ನಯವಾಗಿಯೇ ಹೇಳಿದೆ: “ತಾಯಿ, ಇದು ಮದುವೆಯ ಸಮಾರಂಭವಲ್ಲ. ದಾರಿದ್ರ್ಯದ ಚಿತ್ರ. ಮನೆಗೆ ಹೋಗಿ ಹರಿದ ಸೀರೆಯೊಂದನ್ನು ಉಟ್ಟು ಬನ್ನಿ.”

“ಫೋಟೊ ತೆಗಸಾಕ ಯಾರರೇ ಹರಕ ಉಟ್ಟು ಬರ್ತಾರೇನ್ರಿ? ನಂದು ಒಂದಾ ಫೋಟೊ ಅದ, ರೇಶನ್ ಕಾರ್ಡಿಂದು. ಅದ್ರಾಗೂ ಕಣ್ಣು ಮುಚ್ಚೀನಿ.”

“ನಮಗೆ ಸತ್ಯ ಬೇಕು, ಅಲಂಕಾರ ಬೇಡ.”

ಅವರು ಮಗನ ಮುಖ ನೋಡಿದರು. ಕೊರಳಿನ ಸರವನ್ನು ಸೆರಗಿನೊಳಗೆ ಸೇರಿಸಿಕೊಂಡು ಹೋದರು. ಹನ್ನೊಂದರವರೆಗೆ ಕಾದೆವು, ಬರಲಿಲ್ಲ.

ಹೆಗಲ ಮೇಲೆ ಚೀಲ ಹೊತ್ತು ನಿಂತಿದ್ದ ಸಂಘರತ್ನ ಅದನ್ನು ಕೆಳಗಿಳಿಸಿದ. “ಸರ್, ಸಂಜೀವ ಹೊಸಾ ಧೋತ್ರ ಉಟ್ಟು ಬಂದಾನ. ಅವಗ ಯಾಕ ವಾಪಸ್ ಕಳಿಸ್ಲಿಲ್ರಿ?”

“ಅದು ಪಾತ್ರದ ಉಡುಪು.”

“ಹಂಗಾರ ನಮ್ಮವ್ವಂದು?”

ವಾಸ್ತವವಾದವೆಂದರೇನು, ನಟನೆಗೂ ಬದುಕಿಗೂ ಇರುವ ಸಂಬಂಧವೇನು ಎಂಬುದನ್ನು ಮೊದಲಿನಿಂದ ವಿವರಿಸತೊಡಗಿದೆ. ಅವನು ಕೊನೆಯವರೆಗೆ ನಿಲ್ಲಲಿಲ್ಲ. ಹೋಗುವಾಗ ಚೀಲವನ್ನು ಸಂಜೀವಕುಮಾರನ ಪಾದದ ಬಳಿ, ಅಂಚಿಗೆ ಅಂಚು ಕೂಡಿಸಿ, ಬಹಳ ಎಚ್ಚರಿಕೆಯಿಂದ ಇಟ್ಟು ಹೋದ.

ಜನವರಿ 27, ಸೋಮವಾರ

ಇಂದಿನ ಯುವಕರಿಗೆ ಮೂಗಿನ ತುದಿಯಲ್ಲಿ ಕೋಪ, ಬೆನ್ನುಹುರಿಯಲ್ಲಿ ತಾಳ್ಮೆಯಿಲ್ಲ. ಒಂದು ಸೀರೆಯ ಮಾತಿಗೆ ಒಂದು ವರ್ಷವನ್ನೇ ಕಳೆದುಕೊಳ್ಳಲು ಸಿದ್ಧನಾದವನಿಗೆ ಏನು ಹೇಳುವುದು? ಎರಡು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಅವನ ಒಳಿತಿಗಾಗಿಯೇ ಮಾಡಿದ್ದು.

ಗುಡಿಸುವಾಕೆಯ ಪಾತ್ರಕ್ಕೆ ಬೇರೆಯವರನ್ನು ಹುಡುಕಬೇಕು. ಈ ದೇಶದಲ್ಲಿ ಬಡವರಿಗೇನು ಬರವೇ?

ಫೆಬ್ರವರಿ 2, ರವಿವಾರ
ಬಸವಕಲ್ಯಾಣ

ಕೂಟಕ್ಕೆ ಬಂದವಳು ಮಿಸ್ಬಾ ಒಬ್ಬಳೇ. ಸಂಜೀವಕುಮಾರ ಜ್ವರವೆಂದು ತಿಳಿಸಿದ್ದಾನೆ. ಅವನ ತಂದೆಯ ಮನೆಯಲ್ಲಿ ಜ್ವರವನ್ನೂ ಯಾರೋ ಅಳೆದೇ ಕೊಟ್ಟಿರಬೇಕು.

ಬೇರೆ ಕೆಲಸವಿಲ್ಲದೆ ಕಲ್ಲಿದ್ದಲ ಚಿತ್ರವನ್ನು ಮತ್ತೆ ನೋಡಿದೆವು. ಬಡವರ ಸಾಲಿನ ದೃಶ್ಯ ಬಂದಾಗ, “ನೋಡು, ಇದು ಸತ್ಯ. ಈ ಮುಖಗಳು, ಈ ಚಿಂದಿಗಳು...” ಎಂದು ಆರಂಭಿಸಿದ್ದೆ. ಮಿಸ್ಬಾ ಚಿತ್ರವನ್ನು ನಿಲ್ಲಿಸಿ, ಒಬ್ಬ ಮುದುಕನ ತೋಳನ್ನು ದೊಡ್ಡದು ಮಾಡಿದಳು.

“ಸರ್, ನಮ್ಮಜ್ಜ ದರ್ಜಿ ಇದ್ರು. ಬಟ್ಟಿ ಹ್ಯಾಂಗ ಹರೀತದ ನನಗ ಗೊತ್ತದ. ಬಟ್ಟಿ ಹರಿಯೋದು ಮಣಕೈ, ಕುಂಡಿ, ಕಂಕಳು. ಈ ತೂತು ನೋಡ್ರಿ, ನಡು ತೋಳಿಗಿ, ಗುಂಡಗ. ಕತ್ತರಿಲೆ ಕತ್ತರಿಸ್ಯಾರ.”

ಮುಂದಿನವನದೂ ಹಾಗೆಯೇ ಇತ್ತು. ಅವನ ಹಿಂದಿನ ಹೆಂಗಸಿನ ಸೆರಗೂ. ಹನ್ನೆರಡು ಜನರ ಸಾಲಿನಲ್ಲಿ ಒಂದೇ ಒಂದು ಅಂಗಿ ಕೂಡ ದುಡಿದು ಹರಿದಿರಲಿಲ್ಲ. ಈ ದೃಶ್ಯವನ್ನು ನಾನು ನಾಲ್ಕು ಕಾಲೇಜುಗಳಲ್ಲಿ ತೋರಿಸಿದ್ದೇನೆ, ತೋರಿಸುವಾಗಲೆಲ್ಲ ಕಣ್ಣೊರೆಸಿಕೊಂಡಿದ್ದೇನೆ.

“ಖರೇ ಬಡವ್ರು ಅವತ್ತೂ ಛಲೋ ಅಂಗಿ ಹಾಕ್ಕೊಂಡೇ ಬಂದಿರಬೇಕು ನೋಡ್ರಿ,” ಎಂದು ಮಿಸ್ಬಾ ನಕ್ಕಳು. “ಯಾರೋ ಒಬ್ರು ಸರ್ ಅಲ್ಲೇ ಕತ್ತರಿ ಹಿಡ್ಕೊಂಡು ನಿಂತಿರಬೇಕು.”

ಬೇಗ ಮುಗಿಸಿ ಬಾಗಿಲು ಹಾಕಿದೆ.

ಫೆಬ್ರವರಿ 4, ಮಂಗಳವಾರ

ಬರೆಯುವಂಥದ್ದೇನೂ ಇಲ್ಲ. ಅರ್ಜಿಯ ಗಡುವಿಗೆ ಇಪ್ಪತ್ತನಾಲ್ಕು ದಿನ.

ಫೆಬ್ರವರಿ 8, ಶನಿವಾರ
ಹುಮನಾಬಾದ

ಬೆಳಗಿನ ಬಸ್ಸಿಗೆ ಹೊರಟೆ. ದಾರಿಯುದ್ದಕ್ಕೂ ಮೂರು ವಾಕ್ಯಗಳ ವಿಷಾದವನ್ನು ಸಿದ್ಧಪಡಿಸಿಕೊಂಡೆ. ವ್ಯಾಕರಣದಲ್ಲೂ ವಿನಯದಲ್ಲೂ ಕುಂದಿರಲಿಲ್ಲ.

ಮಾರುಕಟ್ಟೆ ತುಂಬಿತ್ತು. ತಾಡಪತ್ರಿ ಇಲ್ಲದ ಕೊನೆಯ ಸಾಲಿನ ಅಂಗಡಿಗಳ ಮುಂದೆ ಲಲಿತಾಬಾಯಿ ಮೊರದಲ್ಲಿ ಮಣ್ಣು ಕೇರುತ್ತಿದ್ದರು. ನನ್ನನ್ನು ಕಂಡು ಕೈ ನಿಲ್ಲಿಸಲಿಲ್ಲ.

“ಬರ್ರಿ ಮಾಸ್ತರ್ರೇ. ಹರಕ ಸೀರಿ ಹುಡುಕ್ಕೋತ ಬಂದೀರೇನು? ಇವತ್ತ ಉಟ್ಟೀನಿ ನೋಡ್ರಿ. ಹೊಡೀರಿ ಫೋಟೊ, ಪುಕ್ಕಟ.”

“ತಾಯಿ, ಕಳೆದ ರವಿವಾರದ ಹಿಂದಿನ ರವಿವಾರ ನನ್ನಿಂದ...”

“ಮದಲ ಕಾಳಿನ ಮ್ಯಾಲಿಂದ ಸರೀರಿ.”

ಸರಿದೆ. ನನ್ನ ಚಪ್ಪಲಿಯ ಅಡಿಯಲ್ಲಿ ಒಂದು ಹಿಡಿ ತೊಗರಿ ಇತ್ತು. ಮೂರು ವಾಕ್ಯಗಳಲ್ಲಿ ಹೊರಬಂದದ್ದು “ತಪ್ಪಾಯಿತು” ಎಂಬ ಒಂದು ಪದ. ಅದನ್ನೂ ಅವರು ಕೇಳಿಸಿಕೊಂಡರೋ ಇಲ್ಲವೋ. ಮೊರದ ಸದ್ದು ಜೋರಾಗಿತ್ತು.

ಮೊರವನ್ನು ಕೆಳಗಿಟ್ಟು ಕೇಳಿದರು: “ಸೇಠನ ಪಾರ್ಟು ಯಾರಿಗಿ ಕೊಟ್ಟೀರಿ? ಆ ಸಂಜೀವಗ? ಅಯ್ಯ, ಅವನಿಗೇನು ಬರ್ತದ್ರಿ! ತನ್ನಪ್ಪ ಹ್ಯಾಂಗ ನಡೀತಾನ, ಅದೂ ಅವಗ ಗೊತ್ತಿಲ್ಲ. ಮನಿಯಾಗ ಅಪ್ಪ ಬ್ಯಾರೆ ನಡೀತಾನ, ಇಲ್ಲಿ ಬ್ಯಾರೆ. ನಾ ನೋಡೀನಿ ಇಪ್ಪತ್ತೆರಡು ವರ್ಷ.”

ಎದ್ದು ನಿಂತರು. ಸೆರಗನ್ನು ಉತ್ತರೀಯದಂತೆ ಹೆಗಲಿಗೆಸೆದು, ಹೊಟ್ಟೆ ಮುಂದೆ ಮಾಡಿ, ಎರಡು ಹೆಜ್ಜೆ ನಡೆದು ಮೂರನೆಯದಕ್ಕೆ ನಿಂತು, ಯಾರೋ ಕರೆದಂತೆ ಹಿಂದೆ ನೋಡಿದರು. ಯಾರೂ ಕರೆದಿರಲಿಲ್ಲ. ಚೀಲದ ಬಳಿ ಬಂದು ಬೆರಳಿನಲ್ಲಿಲ್ಲದ ಉಂಗುರವನ್ನು ಒಳಮೊಗವಾಗಿ ತಿರುಗಿಸಿದರು. ಚೀಲಕ್ಕೆ ಕೈ ಇಳಿಸಿ ಮಾದರಿಯ ಮುಷ್ಟಿ ಎತ್ತಿ, ಅಂಗೈಯನ್ನು ಊದಿ, ಒಂದು ಕಾಳನ್ನು ಹಲ್ಲಿನಲ್ಲಿ ಕಡಿದು, ಹುಳಿ ತಿಂದಂತೆ ಮುಖ ಮಾಡಿ, ಉಳಿದ ಮುಷ್ಟಿಯನ್ನು ಚೀಲಕ್ಕಲ್ಲ, ತಮ್ಮ ಬದಿಯ ಬುಟ್ಟಿಗೆ ಸುರಿದರು.

ಹಮಾಲರು ಹೊತ್ತ ಚೀಲ ಹೊತ್ತಂತೆಯೇ ನಿಂತು ನಗುತ್ತಿದ್ದರು. ಯಾರೂ ಯಾರಿಗೂ ಏನನ್ನೂ ವಿವರಿಸಲಿಲ್ಲ.

“ನೀವೇ ಸೇಠರಾಗಿ,” ಎಂದೆ.

“ಆಗ್ತೀನಿ. ಗುಡಿಸೋದು ಯಾರು?”

“ಯಾರಾದರೂ...”

“ಯಾರಾದ್ರೂ ಅಂದ್ರ? ಗುಡಿಸೋದು ಯಾರಿಗರೇ ಬರ್ತದ ಅಂತ ತಿಳದೀರೇನು? ನೀವಾ ಗುಡಿಸ್ರಿ, ನೋಡೋಣ.”

ಹಿಂದಿನಿಂದ ನಗು ಕೇಳಿಸಿತು. ಸಂಘರತ್ನ ಚೀಲಗಳ ಮೇಲೆ ಕುಳಿತಿದ್ದ. ಎಷ್ಟು ಹೊತ್ತಿನಿಂದಲೋ ತಿಳಿಯದು. “ಸರ್, ನಾ ಬರ್ತೀನಿ. ಆದ್ರ ಕ್ಯಾಮೆರಾ ನಂದು. ಯಾವಾಗ ಶುರು, ಯಾವಾಗ ಬಂದ್, ನಾ ಹೇಳ್ತೀನಿ. ನಡು ನೀವು ಮಾತಾಡಂಗಿಲ್ಲ. ಫಲಕ ಒಂದೂ ಬ್ಯಾಡ. ಬೋರ್ಡೂ ಬ್ಯಾಡ.”

ಒಪ್ಪಿದೆ. ಕೆಲಸದಲ್ಲಿ ಶಿಸ್ತಿರಬೇಕೆಂದು ನಾನು ಮೊದಲಿನಿಂದಲೂ ಈ ಮಕ್ಕಳಿಗೆ ಹೇಳುತ್ತ ಬಂದಿದ್ದೇನೆ.

ಫೆಬ್ರವರಿ 12, ಬುಧವಾರ
ಬಸವಕಲ್ಯಾಣ

ನಾಲ್ಕು ದಿನದಿಂದ ಮನೆಯ ಅಂಗಳ ಗುಡಿಸುತ್ತಿದ್ದೇನೆ. ಓಣಿಯವರಿಗೆ ಇದಕ್ಕಿಂತ ದೊಡ್ಡ ಮನರಂಜನೆ ಬೇಡವಾಗಿದೆ. ಎದುರುಮನೆಯ ದಿಗಂಬರರಾಯರು ಗೇಟಿನ ಮೇಲೆ ಕೈಯಿಟ್ಟು, “ಏನ್ ಸರ್, ಪೆನ್ಶನ್ ಬಂದ್ ಆತೇನ್ರಿ?” ಎಂದರು. ಮೂವತ್ತು ವರ್ಷಗಳ ನೆರೆಹೊರೆಯಲ್ಲಿ ನನ್ನ ಒಂದು ಉಪನ್ಯಾಸಕ್ಕೂ ಬಾರದವರು ದಿನವೂ ಆರೂವರೆಗೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಾರೆ.

ಗಾಳಿಗೆ ಎದುರಾಗಿ ಗುಡಿಸಿದರೆ ಧೂಳು ಬಾಯಿಗೆ ಬರುತ್ತದೆ. ಮೊಣಕಾಲು ಬಗ್ಗಿಸದೆ ಬಾಗಿದರೆ ಹತ್ತೇ ನಿಮಿಷದಲ್ಲಿ ಸೊಂಟ ಹಿಡಿಯುತ್ತದೆ. ಮೂವತ್ತನಾಲ್ಕು ವರ್ಷ ಕೂಲಿಕಾರರ ಇತಿಹಾಸ ಪಾಠ ಮಾಡಿದ್ದೇನೆ. ಯಾವ ಪುಸ್ತಕದಲ್ಲೂ ಗಾಳಿಯ ಮಾತಿರಲಿಲ್ಲ.

ಅರ್ಜಿಯ ನಮೂನೆಯಲ್ಲಿ ನಿರ್ದೇಶಕನ ಹೆಸರನ್ನು ತಿದ್ದಿ ಸಂಘರತ್ನನದು ಬರೆದೆ. ತಿದ್ದಿದ್ದು ಗಲೀಜಾಯಿತು, ಹೊಸ ಹಾಳೆ ತರಬೇಕು.

ಫೆಬ್ರವರಿ 16, ರವಿವಾರ
ಹುಮನಾಬಾದ, ಮಾರುಕಟ್ಟೆಯ ಅಂಗಳ

ಏಳಕ್ಕೆ ಆರಂಭಿಸಿದೆವು. ಲಲಿತಾಬಾಯಿ ಧೋತರ ಉಟ್ಟು, ರುಮಾಲು ಸುತ್ತಿ ಬಂದರು. ಕ್ಯಾಮೆರಾ ಸಂಘರತ್ನನ ಕೈಯಲ್ಲಿ. ಬೆಳಕಿಗೆ ಬಿಳಿ ಹಲಗೆ ಹಿಡಿದು ಮಿಸ್ಬಾ. ಹಮಾಲನಾದ ಸಂಜೀವಕುಮಾರ ಮೊದಲ ಚೀಲದೊಂದಿಗೆ ತಾನೂ ಬಿದ್ದ. ಎರಡನೆಯದನ್ನು ಎಂಟು ಹೆಜ್ಜೆ ಹೊತ್ತ. “ಇನ್ನೊಂದು ಸಲ,” ಎಂದು ತಾನಾಗಿಯೇ ಕೇಳಿದ.

ಗುಂಡಪ್ಪ ಸೇಠರು ಕಟ್ಟೆಯ ಮೇಲೆ ಕುರ್ಚಿ ಹಾಕಿಸಿಕೊಂಡು ನೋಡಲು ಕುಳಿತಿದ್ದರು. ಸೇಠನ ನಡಿಗೆ, ಉಂಗುರ, ಮಾದರಿಯ ಮುಷ್ಟಿ, ಬುಟ್ಟಿ ಎಲ್ಲವನ್ನೂ ಕಂಡು ಹೊಟ್ಟೆ ಹಿಡಿದು ನಕ್ಕರು. “ಏ ಸಂಜೀವಾ, ಇದು ಬಾಜೂ ಅಂಗಡಿ ಸೇಠ ಅಲ್ಲೇನೋ? ಹುಬೇಹೂಬ್ ಅವನಾ! ಎಂಥಾ ಕಂಜೂಸ ಇದ್ದಾನ ನೋಡ್ರಿ ಅವ!”

“ಹೌದಪ್ಪಾ,” ಎಂದ ಸಂಜೀವಕುಮಾರ, ಚೀಲದ ಮರೆಯಿಂದ. ಇಂಥ ಮನುಷ್ಯನಿಗೆ ಕನ್ನಡಿ ಹಿಡಿದರೆ, ಕನ್ನಡಿಯ ಬೆಲೆ ಎಷ್ಟೆಂದು ಕೇಳುತ್ತಾನೆ.

ನನ್ನ ಎರಡು ಪ್ರಯತ್ನ ಕೆಟ್ಟವು. “ಕಸಬರಿಗಿ ಅದು ಮಾಸ್ತರ್ರೇ, ಛಡಿ ಅಲ್ಲ. ಗಾಳಿ ಬೆನ್ನಿಗಿ ತಗೋರಿ,” ಎಂದರು ಲಲಿತಾಬಾಯಿ. ಮೂರನೆಯದು ಪರವಾಗಿಲ್ಲ ಎಂದ ಸಂಘರತ್ನ.

ಆಮೇಲೆ ತಾಡಪತ್ರಿ ಹಾಸುವ ದೃಶ್ಯ. ಬರೆದಿದ್ದುದು ಇಷ್ಟೇ: ಸೇಠ ತಾಡಪತ್ರಿ ಹಾಸಿಸುತ್ತಾನೆ, ಗುಡಿಸುವಾತ ಅದರ ಅಂಚಿಗೆ ಸರಿದು ನಿಲ್ಲುತ್ತಾನೆ. ನಿಂತೆ, ಬರಿಗಾಲಿನಲ್ಲಿ. ಲಲಿತಾಬಾಯಿ ಕೈಯ ಕೋಲು ಊರುತ್ತ ಬಂದು, ನನ್ನ ಮುಂದೆ ನಿಂತು, ಕೋಲಿನ ತುದಿಯಿಂದ ನನ್ನ ಮೀನಖಂಡಕ್ಕೆ ಮೆಲ್ಲನೆ ತಟ್ಟಿದರು. ಏನು ಮಾಡಬೇಕೆಂದು ತೋಚಲಿಲ್ಲ. ಮತ್ತೊಮ್ಮೆ ತಟ್ಟಿದರು. ಕಾಲೆತ್ತಿದೆ. ಅವರು ಬಗ್ಗಿ, ನನ್ನ ಅಂಗಾಲಿಗೆ ಅಂಟಿದ್ದ ತೊಗರಿಯ ಕಾಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡು, ಅಂಗೈಯಲ್ಲಿ ಊದಿ, ಚೀಲಕ್ಕೆ ಹಾಕಿದರು. ನಾನು ಒಂಟಿಕಾಲಿನಲ್ಲಿ ನಿಂತಿದ್ದೆ. ಬೀಳದಿರಲು ಯಾವ ಆಸರೆಯೂ ಇರಲಿಲ್ಲ. ಸಂಘರತ್ನ ಬಂದ್ ಎನ್ನಲೇ ಇಲ್ಲ.

ಕಟ್ಟೆಯ ಮೇಲಿನ ನಗು ನಿಂತಿತ್ತು. ನೋಡಿದಾಗ ಕುರ್ಚಿ ಖಾಲಿಯಾಗಿತ್ತು.

ಆ ದೃಶ್ಯ ಮುಗಿದ ಮೇಲೆ ಕೇಳಿದೆ: “ಇಂಥದನ್ನು ಎಲ್ಲಿ ಕಂಡಿರಿ, ತಾಯಿ?”

“ಎಲ್ಲಿ ಅಂತ ಯಾಕ ಕೇಳ್ತೀರಿ?” ಅವರು ರುಮಾಲು ಬಿಚ್ಚಿ ಬೆವರೊರೆಸಿಕೊಂಡರು. “ಕಾಲು ಯಾರದಿತ್ತು ಅಂತ ಕೇಳ್ರಿ.”

ನಾನು ನನ್ನ ಅಂಗಾಲನ್ನು ಒರೆಸಿಕೊಂಡೆ.

ಇಷ್ಟನ್ನು ಚೀಲದ ಮೇಲೆ ಕುಳಿತು, ಚಹಾ ಬರುವಷ್ಟರಲ್ಲಿ ಬರೆದೆ. ಇನ್ನೂ ನಾಲ್ಕು ದೃಶ್ಯಗಳಿವೆ. ಬೆರಳಿಗೆ ಬೊಕ್ಕೆ ಬಂದಿರುವುದರಿಂದ ಅಕ್ಷರ ಸರಿಯಾಗುತ್ತಿಲ್ಲ. ಸಂಘರತ್ನ ಅಲ್ಲಿಂದಲೇ ಕೂಗುತ್ತಿದ್ದಾನೆ:

“ಸರ್, ಬರಿಯೋದು ಆಮ್ಯಾಲ ಆಗ್ತದ್ರಿ. ಬಿಸಿಲು ಕಟ್ಟಿತನ ಬಂತು. ಪೆನ್ ಇಡ್ರಿ, ಕಸಬರಿಗಿ ತಗೋರಿ. ಅವ್ವಾ, ರುಮಾಲ ಸುತ್ತು. ಸಂಜೀವಾ, ಚೀಲ ಎತ್ತು. ಎಲ್ಲಾರೂ ಬರ್ರಿ, ಕೆಲಸ ಶುರು ಮಾಡೋಣ!”